ಪಾಠವೆಂಬ ಪಿಗ್ಮಿ: ಸ್ವಯಂಸೇವಕರ ಟ್ಯೂಷನ್ ಹಿಂದೆ ಬಿದ್ದ ಮಕ್ಕಳಿಗೆ ನೆರವಾಗುವುದು ಹೇಗೆ

ಆ ಹುಡುಗ ಐದನೇ ಕ್ಲಾಸು. ಅಪ್ಪ ಅಮ್ಮ ಬಾಗಲಕೋಟೆ ಕಡೆಯವರು. ಸುರತ್ಕಲ್ ಹತ್ತಿರ ಕಟ್ಟಡದ ಕೆಲಸ, ಶೀಟ್ ಹಾಕಿದ ಶೆಡ್ಡಿನಲ್ಲಿ ವಾಸ. ಒಂದು ಸಂಜೆ ನಾವಿಬ್ಬರೂ ರಸ್ತೆ ಬದಿಯಲ್ಲಿ ನಿಂತಿದ್ದಾಗ ಬಸ್ಸು ಬಂತು. ದೂರದಿಂದಲೇ ಅವನು ಹೇಳಿದ: "ಸ್ಟೇಟ್‌ಬ್ಯಾಂಕ್ ಬಸ್ರಿ ಸರ್."

ಮಂಗಳೂರಿನ ಹೆಚ್ಚಿನ ಸಿಟಿ ಬಸ್ಸುಗಳು ಕೊನೆಗೆ ಹೋಗಿ ನಿಲ್ಲುವುದು ಸ್ಟೇಟ್‌ಬ್ಯಾಂಕ್ ಎಂಬ ಬಸ್ ನಿಲ್ದಾಣದಲ್ಲಿ. ಬೋರ್ಡು ಎಲ್ಲರ ಕಣ್ಣಿಗೆ ಬಿದ್ದದ್ದೇ. ಆದರೂ ನನಗೆ ಖುಷಿಯಾಯಿತು. ಎರಡು ಒತ್ತಕ್ಷರ ಇರುವ ಪದ ಅದು, ಓದಿಬಿಟ್ಟನಲ್ಲ! ಒಳಗೆ ಬಂದು ಅದೇ ಪದವನ್ನು ಸ್ಲೇಟಿನ ಮೇಲೆ ಬರೆದು ತೋರಿಸಿದೆ. "ಸೇ... ಟ..." ಎಂದು ನಿಂತ. 'ಬ್ಯಾಗ್' ಎಂದು ಬರೆದೆ. ಸುಮ್ಮನಾದ. 'ಬಸ್' ಎಂದು ಬರೆದೆ. "ಬ" ಎಂದ, ಅಷ್ಟೇ.

ಅವನು ಬೋರ್ಡು ಓದಿರಲಿಲ್ಲ. ಬಸ್ಸಿನ ಬಣ್ಣ, ನಂಬರು ನೋಡಿ ಗುರುತು ಹಿಡಿದಿದ್ದ. ಐದು ವರ್ಷ ಶಾಲೆಗೆ ಹೋದ ಹುಡುಗ. ಪೆದ್ದನಂತೂ ಅಲ್ಲ. ಪೆದ್ದನಾಗಿದ್ದರೆ ಇಷ್ಟು ಚೆನ್ನಾಗಿ ಮುಚ್ಚಿಡಲು ಆಗುತ್ತಿರಲಿಲ್ಲ.

ನಾನು ಬ್ಯಾಂಕಿನಿಂದ ನಿವೃತ್ತನಾದವನು, ಮೇಷ್ಟ್ರಲ್ಲ. ಸಂಜೆ ಹೊತ್ತು ಸುಮ್ನೆ ಕೂರುವುದಕ್ಕಿಂತ ಅಂತ ನಾಲ್ಕು ಮಕ್ಕಳಿಗೆ ಪಾಠ ಹೇಳಲು ಹೊರಟವನು. ಈ ಕೆಲಸದಿಂದ ನಿಜವಾಗಿ ಏನಾಗುತ್ತದೆ, ಏನಾಗುವುದಿಲ್ಲ, ಯಾಕೆ? ಈ ಬಗ್ಗೆ ಸಂಶೋಧಕರು ಕಂಡುಕೊಂಡದ್ದು ಬೇಕಾದಷ್ಟಿದೆ. ಅದರಲ್ಲಿ ನಮ್ಮೂರಿಗೆ ಹೊಂದುವುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲ ಸ್ಥಾನದ ಜಿಲ್ಲೆಯಲ್ಲಿ ಹಿಂದೆ ಬಿದ್ದವರು

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ದಿನ ನಮ್ಮ ಕಡೆ ಹಬ್ಬ. 2024ರಲ್ಲಿ ಉಡುಪಿ ರಾಜ್ಯಕ್ಕೆ ಮೊದಲು, ದಕ್ಷಿಣ ಕನ್ನಡ ಎರಡನೆಯದು. 2025ರಲ್ಲಿ ದಕ್ಷಿಣ ಕನ್ನಡ ಮೊದಲು, ಉಡುಪಿ ಎರಡನೆಯದು. ಹೆಮ್ಮೆ ಪಡಬೇಕಾದ್ದೇ. ಆದರೆ ಈ ಸರಾಸರಿಯ ಕೆಳಗೆ ಕೆಲವು ಮಕ್ಕಳು ಕಾಣದಂತೆ ಉಳಿದುಬಿಡುತ್ತಾರೆ. ಉತ್ತರ ಕರ್ನಾಟಕದಿಂದ ಕೂಲಿಗೆ ಬಂದವರ ಮಕ್ಕಳು, ದಕ್ಕೆಯಲ್ಲಿ, ಅಂದರೆ ಮೀನುಗಾರಿಕೆ ಬಂದರಿನಲ್ಲಿ, ಮುಂಜಾನೆಯೇ ಕೆಲಸಕ್ಕೆ ಹೋಗುವ ಅಮ್ಮಂದಿರ ಮಕ್ಕಳು, ಬೀಡಿ ಕಟ್ಟುವ ಮನೆಗಳ ಮಕ್ಕಳು, ಕೊರಗ ಬುಡಕಟ್ಟಿನವರ ಹಾಡಿಗಳ ಮಕ್ಕಳು. ನಗರದ ಕೆಲವು ಕನ್ನಡ ಮಾಧ್ಯಮ ಸರಕಾರಿ ಶಾಲೆಗಳಲ್ಲಿ ಬೆಂಚು ತುಂಬಿರುವುದೇ ವಲಸೆ ಬಂದವರ ಮಕ್ಕಳಿಂದ.

ಇಲ್ಲಿ ಒಂದು ವಿಚಿತ್ರ ಉಂಟು. ನಮ್ಮ ಮನೆಗಳಲ್ಲಿ ತುಳು, ಕೊಂಕಣಿ, ಬ್ಯಾರಿ, ಉರ್ದು. ಶಾಲೆಯಲ್ಲಿ ಮಾತ್ರ ಕನ್ನಡ. ಬಾಗಲಕೋಟೆಯ ಹುಡುಗನಿಗೆ ಮನೆಯಲ್ಲೂ ಕನ್ನಡವೇ. ಅವನಿಗೆ ಸುಲಭ ಆಗಬೇಕಿತ್ತು ಅಲ್ವಾ? ಆದರೆ ಆಟದ ಬಯಲಿನಲ್ಲಿ ತುಳು ಬಾರದೆ ಅವನು ಹೊರಗಿನವನು. ಕ್ಲಾಸಿನಲ್ಲಿ "ಹೌದ್ರಿ" ಅಂದರೆ ಉಳಿದವರು ನಗುತ್ತಾರೆ. ಹಾಗಾಗಿ ಬಾಯಿ ಬಿಡುವುದನ್ನೇ ಕಡಿಮೆ ಮಾಡುತ್ತಾನೆ. ಬಾಯಿ ಬಿಡದ ಮಗುವಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂದು ಟೀಚರಿಗೆ ಗೊತ್ತಾಗುವುದು ಹೇಗೆ?

ಟೀಚರನ್ನು ದೂರುವುದು ಸುಲಭ. ಒಂದು ಲೆಕ್ಕ ಹಾಕಿ ನೋಡಿ. 40 ನಿಮಿಷದ ಪೀರಿಯಡ್, 30 ಮಕ್ಕಳು. ಬೇರೇನೂ ಮಾಡದೆ ಒಬ್ಬೊಬ್ಬರನ್ನೇ ಮಾತಾಡಿಸಿದರೂ ಒಂದು ಮಗುವಿಗೆ ಸಿಗುವುದು 80 ಸೆಕೆಂಡು. ಅದರ ಮೇಲೆ ಸಿಲೆಬಸ್ ಮುಗಿಸಬೇಕು, ಗಣತಿ, ಬಿಸಿಯೂಟದ ಲೆಕ್ಕ, ಆನ್‌ಲೈನ್ ಎಂಟ್ರಿ. ಪಾಠ ಮುಂದೆ ಹೋಗುತ್ತದೆ, ಮಗು ಹಿಂದೆ ಉಳಿಯುತ್ತದೆ. 2010ರ ಏಪ್ರಿಲ್ 1ರಂದು ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದಾಗ 8ನೇ ತರಗತಿಯವರೆಗೆ ಯಾರನ್ನೂ ಫೇಲ್ ಮಾಡುವಂತಿರಲಿಲ್ಲ. ನನ್ನ ಮಟ್ಟಿಗೆ ಅದು ಸರಿ. ಫೇಲ್ ಮಾಡಿದ ಮಾತ್ರಕ್ಕೆ ಓದು ಬರುವುದಿಲ್ಲ. ಆದರೆ ಬಿಟ್ಟುಹೋದದ್ದನ್ನು ತುಂಬಿಸಲು ಹಿಂದಕ್ಕೆ ಹೋಗುವವರು ಯಾರೂ ಇರಲಿಲ್ಲ.

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ ಮಕ್ಕಳ ಓದು ಪರೀಕ್ಷಿಸುವ 'ಅಸರ್' ಸಮೀಕ್ಷೆಯ ಪ್ರಕಾರ, ದೇಶದ 3ನೇ ತರಗತಿಯ ಮಕ್ಕಳಲ್ಲಿ 2ನೇ ತರಗತಿಯ ಪಾಠ ಓದಬಲ್ಲವರು 2022ರಲ್ಲಿ ಶೇ. 20.5, 2024ರಲ್ಲಿ ಶೇ. 27.1. ಅಂದರೆ ನಾಲ್ವರಲ್ಲಿ ಮೂವರ ಹತ್ತಿರ ಮಕ್ಕಳಿಗೆ ಕಳೆದ ವರ್ಷದ ಪುಸ್ತಕ ಇನ್ನೂ ಓದಲು ಬರುವುದಿಲ್ಲ.

ಮಂಗಳೂರಿಗೆ ಬಡ ಮಕ್ಕಳ ಓದಿನ ಚಿಂತೆ ಹೊಸದಲ್ಲ. ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗೆ ಶಾಲೆ ತೆರೆದದ್ದು 1892ರಲ್ಲಿ. ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬ ತಮ್ಮೂರಿಗೆ ಶಾಲೆ ತಂದದ್ದು ನಮ್ಮ ಕಣ್ಣೆದುರೇ. ಪದ್ಮಶ್ರೀಯೂ ಬಂತು. ಅವರು ಎದುರಿಸಿದ್ದು ಮಗುವಿಗೆ ಶಾಲೆಯ ಬಾಗಿಲೇ ಇಲ್ಲ ಎಂಬ ಕಷ್ಟ. ಈಗ ಬಾಗಿಲು ಉಂಟು, ಊಟ ಉಂಟು, ಹಾಲು ಉಂಟು, ಮಗು ಒಳಗೆ ಕೂತಿದೆ. ಕೂತಲ್ಲೇ ಹಿಂದೆ ಬೀಳುತ್ತಿದೆ.

ಎದುರಿಗೆ ಒಬ್ಬರು ಕೂತರೆ ಏನಾಗುತ್ತದೆ

ಅಮೆರಿಕದ ಬೆಂಜಮಿನ್ ಬ್ಲೂಮ್ ಎಂಬ ಶಿಕ್ಷಣ ತಜ್ಞ 1984ರಲ್ಲಿ ಒಂದು ಲೇಖನ ಬರೆದರು. ಒಬ್ಬೊಬ್ಬರಿಗೇ ಕೂತು ಪಾಠ ಹೇಳಿದರೆ ಸಾಧಾರಣ ವಿದ್ಯಾರ್ಥಿಯೂ ಮಾಮೂಲಿ ಕ್ಲಾಸಿನ ನೂರಕ್ಕೆ 98 ಮಂದಿಯನ್ನು ಹಿಂದೆ ಹಾಕುತ್ತಾನೆ ಎನ್ನುವುದು ಅವರ ಮಾತು. ಜಗತ್ತೇ ಬೆರಗಾಯಿತು. ಆದರೆ ಅಷ್ಟು ದೊಡ್ಡ ಫಲ ಮತ್ತೆ ಯಾರಿಗೂ ಸುಲಭವಾಗಿ ಸಿಗಲಿಲ್ಲ. 2020ರಲ್ಲಿ ಸಂಶೋಧಕರು ಟ್ಯೂಷನ್ ಬಗ್ಗೆ ನಡೆದ 96 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಸಿಕ್ಕ ಉತ್ತರ ಇನ್ನೂ ಒಳ್ಳೆಯದೇ, ಸ್ವಲ್ಪ ಸಣ್ಣದು ಅಷ್ಟೇ. ಸರಳವಾಗಿ ಹೇಳುವುದಾದರೆ ಹೀಗೆ: ನೂರು ಮಕ್ಕಳನ್ನು ಅಂಕದ ಪ್ರಕಾರ ಸಾಲಾಗಿ ನಿಲ್ಲಿಸಿ. ನಟ್ಟನಡುವೆ ನಿಂತ ಮಗುವಿಗೆ ಟ್ಯೂಷನ್ ಸಿಕ್ಕರೆ ಅದು ಸುಮಾರು 14 ಮಕ್ಕಳನ್ನು ದಾಟಿ ಮುಂದೆ ಹೋಗುತ್ತದೆ. ಶಿಕ್ಷಣದಲ್ಲಿ ಇದು ಸಣ್ಣ ಮಾತಲ್ಲ. ಸಣ್ಣ ತರಗತಿಯ ಮಕ್ಕಳಿಗೆ ಫಲ ಇನ್ನೂ ಜಾಸ್ತಿ.

ಇಲ್ಲೇ ಒಂದು ಕಹಿ ಸತ್ಯವೂ ಇದೆ. ಅದೇ ವಿಶ್ಲೇಷಣೆಯಲ್ಲಿ ತರಬೇತಾದ ಶಿಕ್ಷಕರು, ಸಹಾಯಕರು ಹೇಳಿಕೊಟ್ಟಾಗ ಬಂದ ಫಲಕ್ಕಿಂತ ಸ್ವಯಂಸೇವಕರು ಹೇಳಿಕೊಟ್ಟಾಗ ಬಂದ ಫಲ ಕಡಿಮೆ. ನಮಗೆ ಒಳ್ಳೆ ಮನಸ್ಸಿದೆ, ಅದು ಸಾಲದು. ಹಾಗಾದರೆ ಬಿಟ್ಟುಬಿಡುವುದಾ? ಬೇಡ. ಯಾವ ಸ್ವಯಂಸೇವಕರ ಪಾಠ ಫಲ ಕೊಟ್ಟಿತು ಎಂದು ನೋಡಿದರೆ ದಾರಿ ಕಾಣುತ್ತದೆ.

2001ರಿಂದ 2004ರವರೆಗೆ ಮುಂಬಯಿ ಮತ್ತು ವಡೋದರಾದಲ್ಲಿ 'ಪ್ರಥಮ್' ಸಂಸ್ಥೆಯ 'ಬಾಲಸಖಿ' ಯೋಜನೆಯ ಮೇಲೆ ಅಧ್ಯಯನ ನಡೆಯಿತು. ಅದನ್ನು ನಡೆಸಿದವರಲ್ಲಿ 2019ರ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಇದ್ದರು. ಬಾಲಸಖಿ ಅಂದರೆ ಅದೇ ವಠಾರದ, ಹೈಸ್ಕೂಲು ಮುಗಿಸಿದ ಹುಡುಗಿ. ಸಣ್ಣ ಸಂಬಳ, ಸ್ವಲ್ಪ ತರಬೇತಿ. ಹಿಂದೆ ಬಿದ್ದ 15–20 ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬೇರೆ ಕೂರಿಸಿ ಅಕ್ಷರ, ಅಂಕಿ ಹೇಳಿಕೊಡುವುದು ಅವಳ ಕೆಲಸ. ಎರಡನೇ ವರ್ಷದ ಕೊನೆಗೆ ಬಾಲಸಖಿ ಇದ್ದ ಶಾಲೆಗಳ ಮಕ್ಕಳು ಚೆನ್ನಾಗಿ ಮುಂದೆ ಬಂದಿದ್ದರು. ಲಾಭ ಹೆಚ್ಚಾದದ್ದು ತೀರಾ ಹಿಂದಿದ್ದ ಮಕ್ಕಳಿಗೇ. ಆ ಹುಡುಗಿ ಬಿ.ಎಡ್ ಮಾಡಿದವಳಲ್ಲ. ಆದರೆ ದಿನಾ ಬರುತ್ತಿದ್ದಳು, ಮಗು ನಿಂತ ಜಾಗದಿಂದ ಶುರು ಮಾಡುತ್ತಿದ್ದಳು.

ಕೋವಿಡ್ ಕಾಲದ ಇಟಲಿಯದ್ದು ಇನ್ನೊಂದು. 2020ರಲ್ಲಿ ಶಾಲೆ ಮುಚ್ಚಿದಾಗ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಸಂಬಳವಿಲ್ಲದೆ ಬಡ ಮಕ್ಕಳಿಗೆ ಕಂಪ್ಯೂಟರ್, ಮೊಬೈಲ್ ಮೂಲಕ ಪಾಠ ಮಾಡಿದರು. ವಾರಕ್ಕೆ ಮೂರು ಗಂಟೆಯ ಹಾಗೆ. ಹಿಂದೆ ನಿಂತು ದಾರಿ ಹೇಳಲು ತಜ್ಞರಿದ್ದರು. ಕೆಲವೇ ವಾರಗಳಲ್ಲಿ ಅಂಕ ಏರಿತು. ಕಡು ಬಡ ಮನೆಯವರಿಗೆ ಲಾಭ ಜಾಸ್ತಿ. ವಲಸೆ ಬಂದವರ ಮಕ್ಕಳಲ್ಲಿ ಮನಸ್ಸಿನ ನೆಮ್ಮದಿಯೂ ಜಾಸ್ತಿಯಾಯಿತು. "ನನ್ನನ್ನು ಕೇಳುವವರು ಒಬ್ಬರಿದ್ದಾರೆ" ಎನ್ನುವುದೂ ಒಂದು ಪಾಠವೇ ಇರಬೇಕು.

ಮಗು ಎಲ್ಲಿ ನಿಂತಿದೆ ಎಂದು ಮೊದಲು ನೋಡಿ

ನಾನು ಮಾಡಿದ ಮೊದಲ ತಪ್ಪು: ಐದನೇ ಕ್ಲಾಸಿನ ಹುಡುಗ ಅಂತ ಐದನೇ ಕ್ಲಾಸಿನ ಪುಸ್ತಕ ತೆರೆದದ್ದು. ಎರಡು ವಾರ ಹಾಗೇ ಹೋಯಿತು. ಅವನು ತಲೆ ಆಡಿಸುತ್ತಿದ್ದ, ನಾನು ಅರ್ಥವಾಯಿತು ಅಂದುಕೊಳ್ಳುತ್ತಿದ್ದೆ. ಕ್ಲಾಸು ಬೇರೆ, ಮಟ್ಟ ಬೇರೆ.

ಮಟ್ಟ ನೋಡಲು ದೊಡ್ಡ ಪರೀಕ್ಷೆ ಬೇಡ. ಒಂದು ಹಾಳೆ ಸಾಕು. ಅಸರ್ ಸಮೀಕ್ಷೆಯವರು ಮಾಡುವುದೂ ಇದನ್ನೇ. ಕೆಲವು ಬಿಡಿ ಅಕ್ಷರ, ಕೆಲವು ಸಣ್ಣ ಪದ, ನಾಲ್ಕು ವಾಕ್ಯದ ಒಂದು ಪ್ಯಾರಾ, ಸ್ವಲ್ಪ ಉದ್ದದ ಒಂದು ಕಥೆ. ಮಗು ಎಲ್ಲಿ ತಡವರಿಸುತ್ತದೋ ಅಲ್ಲಿಂದ ಒಂದು ಮೆಟ್ಟಿಲು ಕೆಳಗೆ ಇಳಿದು ಶುರು ಮಾಡಬೇಕು. ಲೆಕ್ಕಕ್ಕೂ ಹೀಗೇ: ಅಂಕಿ ಗುರುತು, ಎರಡಂಕಿ ಸಂಖ್ಯೆ, ದಶಕ ತೆಗೆದುಕೊಂಡು ಕಳೆಯುವುದು, ಭಾಗಾಕಾರ. ಒಬ್ಬರಿಗೆ ಐದು ನಿಮಿಷ. ಬೇರೆ ಮಕ್ಕಳ ಎದುರಿಗೆ ಮಾಡಬೇಡಿ, ನಾಚಿಕೆಯಾಗುತ್ತದೆ.

ಇನ್ನು ಕನ್ನಡದ ಓದು. ಬಹಳ ಮಕ್ಕಳು ಸಿಕ್ಕಿಬೀಳುವುದು ಇಲ್ಲಿ. ಆದರೆ ಓದು ಬಂದವರಿಗೆ ಈ ಕಷ್ಟ ಮರೆತೇಹೋಗಿರುತ್ತದೆ. ಇಂಗ್ಲಿಷಿಗೆ ಅಕ್ಷರ 26. ನಮ್ಮಲ್ಲಿ ವ್ಯಂಜನಗಳೇ 34. ಅವಕ್ಕೆ ಕಾಗುಣಿತ ಸೇರಿಸಿದರೆ ನಾನೂರಕ್ಕಿಂತ ಹೆಚ್ಚು ರೂಪಗಳು. ಅದರ ಮೇಲೆ ಒತ್ತಕ್ಷರ. ಕನ್ನಡ ಮಕ್ಕಳ ಓದಿನ ಬಗ್ಗೆ ಕೆಲಸ ಮಾಡಿದ ಸೋನಾಲಿ ನಾಗ್ ಅವರ 2007ರ ಅಧ್ಯಯನ ಹೇಳುವುದೂ ಇದನ್ನೇ. ಅಕ್ಷರ ಕಲಿಯುವ ಕೆಲಸ ಒಂದೆರಡು ವರ್ಷದಲ್ಲಿ ಮುಗಿಯುವುದಿಲ್ಲ, ಮುಂದಿನ ತರಗತಿಗಳಿಗೂ ಹಬ್ಬುತ್ತದೆ. ಆದರೆ ಪಠ್ಯಪುಸ್ತಕ ಅಷ್ಟು ಕಾಯುತ್ತದಾ?

ನಮ್ಮ ಹುಡುಗ 'ಸ್ಟೇ' ನೋಡಿ "ಸೇ... ಟ" ಅಂದನಲ್ಲ, ಅದು ಅಡ್ಡಾದಿಡ್ಡಿ ತಪ್ಪಲ್ಲ. ಸರಿಯಾಗಿ ನೋಡಿ. ಏತ್ವ, ದೀರ್ಘ ಇರುವುದು 'ಸ'ಕಾರದ ಮೇಲೆ. ಕಣ್ಣಿಗೆ ಕಾಣುವುದು 'ಸೇ', ಕೆಳಗೊಂದು 'ಟ' ಒತ್ತು. ಬಾಯಲ್ಲಿ ಮಾತ್ರ ಆ 'ಏ' ಬರುವುದು 'ಟ' ಆದ ಮೇಲೆ. ಅವನು ಕಂಡದ್ದನ್ನು ಕಂಡ ಹಾಗೆ ಓದಿದ. ಅರ್ಕಾವೊತ್ತು ಇನ್ನೂ ಮೋಜು. 'ಸೂರ್ಯ' ಎಂಬಲ್ಲಿ ಉಚ್ಚಾರದಲ್ಲಿ ಮೊದಲು ಬರುವ ರ್, ಹಳೆ ರೀತಿ ಬರೆದರೆ ಯಕಾರದ ಆಚೆ ಹೋಗಿ ಕೂರುತ್ತದೆ. 'ಕ್ಕ', 'ಟ್ಟ'ಗಳಲ್ಲಿ ಕೆಳಗಿನದ್ದು ಮೇಲಿನ ಅಕ್ಷರವನ್ನು ಹೋಲುತ್ತದೆ. 'ತ್ತ', 'ಮ್ಮ', 'ಲ್ಲ'ಗಳಲ್ಲಿ ಸಂಬಂಧವೇ ಕಾಣುವುದಿಲ್ಲ. ಇದನ್ನು ಯಾರಾದರೂ ಬೆರಳಿಟ್ಟು ತೋರಿಸಬೇಕು. 80 ಸೆಕೆಂಡಿನಲ್ಲಿ ಆಗುವ ಕೆಲಸ ಅಲ್ಲ. ಎದುರಿಗೆ ನಾಲ್ಕೇ ಮಕ್ಕಳಿದ್ದರೆ, ಗಂಟೆಗೆ ಒಬ್ಬರಿಗೆ 15 ನಿಮಿಷ ಸಿಗುತ್ತದೆ. ಆಗ ಆಗುತ್ತದೆ.

ನಾನು ಒತ್ತಕ್ಷರ ಶುರು ಮಾಡಿದ್ದು ಮಕ್ಕಳಿಗೆ ಬೇಕಾದ ಪದಗಳಿಂದ: ಅಮ್ಮ, ಅಕ್ಕ, ಬೆಲ್ಲ, ರೊಟ್ಟಿ, ಕ್ರಿಕೆಟ್. ಒಂದು ವಾರಕ್ಕೆ ಒಂದೇ ಒತ್ತು. 'ಲ್ಲ' ವಾರದಲ್ಲಿ ಕಲ್ಲು, ಹಲ್ಲು, ಮಲ್ಲಿಗೆ. ಮಲ್ಲಿಗೆ ಅಂದ ಕೂಡಲೇ ಒಬ್ಬಳು ಶಂಕರಪುರ ಮಲ್ಲಿಗೆಯ ರೇಟು ಹೇಳಿದಳು. ಅವಳ ಅಜ್ಜಿ ಹೂ ಕಟ್ಟುತ್ತಾರೆ. ಆ ದಿನ ಪಾಠ ಅಲ್ಲಿಗೇ ನಿಂತಿತು. ಆದರೆ 'ಲ್ಲ' ಅವಳಿಗೆ ಮತ್ತೆ ಮರೆಯಲಿಲ್ಲ.

ತುಳು ಮಾತಾಡುವ ಮಕ್ಕಳಿಗೆ ಇನ್ನೊಂದು ಉಪಾಯ ಉಂಟು. ಬೆಕ್ಕಿನ ಚಿತ್ರ ತೋರಿಸಿದರೆ "ಪುಚ್ಚೆ" ಎನ್ನುತ್ತವೆ. ಹಾಲಿಗೆ "ಪೇರ್", ಮಳೆಗೆ "ಬರ್ಸ". ತಪ್ಪು ಅನ್ನಬೇಡಿ. 'ಪುಚ್ಚೆ' ಎಂದೇ ಕನ್ನಡ ಅಕ್ಷರದಲ್ಲಿ ಬರೆದು ಓದಿಸಿ. ತನ್ನ ಬಾಯಿಯ ಮಾತು ಹಾಳೆಯ ಮೇಲೆ ಕಂಡಾಗ, ಅಕ್ಷರ ಅಂದರೆ ಮಾತಿನ ಗುರುತು ಎಂಬ ಗುಟ್ಟು ಮಗುವಿಗೆ ಹೊಳೆಯುತ್ತದೆ. ಆಮೇಲೆ ಪಕ್ಕದಲ್ಲಿ 'ಬೆಕ್ಕು' ಬರೆಯಿರಿ. 'ಚ್ಚ' ಬಂದವನಿಗೆ 'ಕ್ಕ' ದೂರವಿಲ್ಲ.

ಲೆಕ್ಕದಲ್ಲೂ ಮಗುವಿನ ತಪ್ಪಿಗೆ ಒಂದು ನಿಯಮ ಇರುತ್ತದೆ. 52ರಲ್ಲಿ 17 ಕಳೆ ಎಂದರೆ ಬಹಳ ಮಕ್ಕಳು 45 ಬರೆಯುತ್ತಾರೆ. ಎರಡರಲ್ಲಿ ಏಳು ಹೋಗುವುದಿಲ್ಲ, ಆದ್ದರಿಂದ ಏಳರಲ್ಲಿ ಎರಡು ಕಳೆದದ್ದು. ಯಾವಾಗಲೂ ದೊಡ್ಡದರಿಂದ ಸಣ್ಣದನ್ನು ಕಳೆಯಬೇಕು ಎಂದು ಎಲ್ಲೋ ಕೇಳಿದ್ದಾನೆ. ನೂರು ಸಲ ಅದೇ ಲೆಕ್ಕ ಮಾಡಿಸಿದರೆ ನೂರು ಸಲವೂ 45 ಬರುತ್ತದೆ. ಹತ್ತರ ಐದು ನೋಟು, ಒಂದರ ಎರಡು ನಾಣ್ಯ ಕೈಗೆ ಕೊಡಿ. "ಹದಿನೇಳು ರೂಪಾಯಿ ಕೊಡು" ಅನ್ನಿ. ಚಿಲ್ಲರೆ ಸಾಲದೆ ಅವನೇ ಒಂದು ಹತ್ತರ ನೋಟು ಚಿಲ್ಲರೆ ಮಾಡಿಕೊಡಿ ಎನ್ನುತ್ತಾನೆ. ದಶಕ ತೆಗೆದುಕೊಳ್ಳುವುದು ಅಂದರೆ ಅದೇ.

ದಕ್ಕೆಯಲ್ಲಿ ಅಮ್ಮನ ಜತೆ ಮೀನು ಮಾರಲು ಕೂರುವ ಮಕ್ಕಳು ಬಾಯಿಲೆಕ್ಕದಲ್ಲಿ ನನ್ನನ್ನೂ ಸೋಲಿಸುತ್ತಾರೆ. ಮೂವತ್ತು ವರ್ಷ ಬ್ಯಾಂಕಿನಲ್ಲಿ ಕೂತವನು ನಾನು! ಅದೇ ಲೆಕ್ಕ ಪುಸ್ತಕದಲ್ಲಿ ಬಂದರೆ ಕೈ ಕಟ್ಟಿ ಕೂರುತ್ತಾರೆ. ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳ ಮೇಲೆ ನಡೆದ, 2025ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಅಧ್ಯಯನವೂ ಇದನ್ನೇ ಕಂಡಿತು. ವ್ಯಾಪಾರದ ಲೆಕ್ಕ ಪಟಪಟ, ಶಾಲೆಯ ಲೆಕ್ಕ ಮಾತ್ರ ಆಗದು. ಶಾಲೆಗೆ ಮಾತ್ರ ಹೋಗುವ ಮಕ್ಕಳ ಕಥೆ ಇದರ ತಿರುಗುಮುರುಗು. ನಡುವೆ ಸೇತುವೆ ಇಲ್ಲ. ಆ ಸೇತುವೆ ಕಟ್ಟುವುದಕ್ಕೆ ಸ್ವಯಂಸೇವಕನಿಗಿಂತ ಒಳ್ಳೆ ಜನ ಬೇಕಾ? ಅವನಿಗೆ ಸಿಲೆಬಸ್ಸಿನ ಗಡಿಬಿಡಿ ಇಲ್ಲ.

ಪಿಗ್ಮಿಯ ಲೆಕ್ಕ

ಈಗ ನನ್ನ ಹಳೆ ಉದ್ಯೋಗದ ಮಾತಿಗೆ ಬರುತ್ತೇನೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿತು. ಏಜೆಂಟ್ ಮನೆ ಬಾಗಿಲಿಗೇ ಬರುತ್ತಾನೆ, ದಿನಕ್ಕೆ ಎರಡಾಣೆ ಕೊಟ್ಟರೂ ತೆಗೆದುಕೊಳ್ಳುತ್ತಾನೆ. ಬ್ಯಾಂಕಿನ ಮೆಟ್ಟಿಲು ಹತ್ತಲು ಹೆದರುವ ನೇಕಾರ, ಮೀನುಗಾರ, ಗೂಡಂಗಡಿಯವನು ಕೂಡ ಉಳಿತಾಯ ಮಾಡಿದ್ದು ಹೀಗೆ. ಆ ಯೋಜನೆಯ ಜಾಣತನ ಮೊತ್ತದಲ್ಲಿ ಇರಲಿಲ್ಲ. ಏಜೆಂಟ್ ತಪ್ಪದೆ ಬರುತ್ತಿದ್ದ, ಅದೇ ಹೊತ್ತಿಗೆ, ಅವರಿರುವಲ್ಲಿಗೇ. ಜಾಣತನ ಇದ್ದದ್ದು ಅಲ್ಲಿ.

ಟ್ಯೂಷನ್ ಕೂಡ ಪಿಗ್ಮಿಯೇ. ಭಾನುವಾರ ಒಂದೇ ಸಲ ಮೂರು ಗಂಟೆ ಕೂರಿಸುವುದಕ್ಕಿಂತ ವಾರಕ್ಕೆ ಮೂರು ನಾಲ್ಕು ಸಂಜೆ ಮುಕ್ಕಾಲು ಗಂಟೆ ಒಳ್ಳೆಯದು. ಹೊಸದಾಗಿ ಕಲಿತದ್ದು ಎರಡು ದಿನದಲ್ಲಿ ಸೋರಿಹೋಗುತ್ತದೆ. ಪೂರ್ತಿ ಸೋರುವ ಮೊದಲು ಮತ್ತೆ ನೆನಪಿಸಿದರೆ ನಿಲ್ಲುತ್ತದೆ. ಅದಕ್ಕೇ ಪ್ರತಿ ಸಂಜೆ ಮೊದಲ ಐದು ನಿಮಿಷ ಹಳೆಯದಕ್ಕೆ ಇಡಿ. ಪುಸ್ತಕ ಮುಚ್ಚಿ ಕೇಳಿ. ಉತ್ತರ ಬಾರದಿದ್ದರೆ ನೀವು ಹೇಳಿಬಿಡಬೇಡಿ, ಮನಸ್ಸಿನಲ್ಲೇ ಐದು ಎಣಿಸಿ. ಆ ಐದು ಎಣಿಸುವುದು ಎಷ್ಟು ಕಷ್ಟ ಎಂದು ಮಾಡಿ ನೋಡಿದರೇ ಗೊತ್ತು.

ಅವರಿರುವಲ್ಲಿಗೇ ಹೋಗುವುದು ಯಾಕೆ ಮುಖ್ಯ? ಉತ್ತರ ಪ್ರದೇಶದ ಜೌನ್‌ಪುರದಲ್ಲಿ 2005–06ರಲ್ಲಿ ಹಳ್ಳಿಯ ಸ್ವಯಂಸೇವಕರು ಓದಿನ ತರಗತಿ ನಡೆಸಿದರು. ಬಂದ ಮಕ್ಕಳು ನಿಜಕ್ಕೂ ಓದು ಕಲಿತರು. ಆದರೆ ಬಂದದ್ದು ಆ ಹಳ್ಳಿಗಳ ನೂರರಲ್ಲಿ ಎಂಟು ಮಕ್ಕಳು ಮಾತ್ರ! ಪಾಠ ಚೆನ್ನಾಗಿತ್ತು, ಗಿರಾಕಿಯೇ ಇರಲಿಲ್ಲ. ನಮ್ಮಲ್ಲೂ ಇದೇ ಆಗುತ್ತದೆ. ನಾವು ಮೊದಲು ಒಂದು ಭಜನಾ ಮಂದಿರದ ಜಗಲಿಯಲ್ಲಿ ಕೂತೆವು. ಫ್ಯಾನು, ಲೈಟು, ಎಲ್ಲ ಇತ್ತು. ಬ್ಯಾರಿ ಮನೆಗಳ ಮಕ್ಕಳು ಬರಲಿಲ್ಲ. ಯಾರೂ ಬೇಡ ಅಂದಿರಲಿಲ್ಲ, ಆದರೂ ಬರಲಿಲ್ಲ. ಶಾಲೆಯ ಜಗಲಿಗೆ ಬದಲಾಯಿಸಿದ ಮೇಲೆ ಬಂದರು. ಹಳ್ಳಿಯಾದರೆ ಪಂಚಾಯತಿನ ಅರಿವು ಕೇಂದ್ರ, ಅಂದರೆ ನಮ್ಮ ಹಳೆ ಗ್ರಂಥಾಲಯ, ಒಳ್ಳೆ ಜಾಗ. ಅದು ಎಲ್ಲರದ್ದು.

ಕ್ಯಾಲೆಂಡರ್ ಕೂಡ ನಮ್ಮೂರಿನದ್ದೇ ಇರಲಿ. ಜೂನ್ ಜುಲೈಯಲ್ಲಿ ಮಳೆ ರಜೆ ಯಾವಾಗ ಬರುತ್ತದೋ ಹೇಳಲಾಗದು. ಸಂಜೆ ಕರೆಂಟೂ ಇರುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟು ಕಡಲಿಗೆ ಇಳಿಯುವಂತಿಲ್ಲ. ಮಲ್ಪೆ, ಬಂದರು ಕಡೆಯ ಮನೆಗಳಲ್ಲಿ ಆಗ ಕೈಯಲ್ಲಿ ದುಡ್ಡು ಕಡಿಮೆ. ಮಳೆ ಕಳೆದರೆ ಭೂತಕೋಲ, ಯಕ್ಷಗಾನ. ರಾತ್ರಿಯಿಡೀ ಆಟ ನೋಡಿದ ಹುಡುಗ ಮರುದಿನ ತೂಕಡಿಸದೆ ಇರುತ್ತಾನಾ? ವಲಸೆಯವರು ಜಾತ್ರೆಗೆ, ಸುಗ್ಗಿಗೆ ಊರಿಗೆ ಹೋದರೆ ಒಂದು ತಿಂಗಳು ಇಲ್ಲ. ಆಗ ಫೋನ್ ಇದೆಯಲ್ಲ. 2020ರಲ್ಲಿ ಆಫ್ರಿಕದ ಬೋಟ್ಸ್‌ವಾನಾದಲ್ಲಿ ಶಾಲೆ ಮುಚ್ಚಿದಾಗ ವಾರಕ್ಕೊಮ್ಮೆ ಸುಮಾರು 20 ನಿಮಿಷದ ಫೋನ್ ಕರೆ, ಜತೆಗೆ ಮೆಸೇಜಿನಲ್ಲಿ ಲೆಕ್ಕ ಕಳಿಸಿ ಮಕ್ಕಳ ಗಣಿತ ಸುಧಾರಿಸಿದ್ದಾರೆ. ಸ್ಮಾರ್ಟ್‌ಫೋನೂ ಬೇಡ. ಅಪ್ಪನ ಹತ್ತಿರ ಇರುವ ಬಟನ್ ಫೋನು ಸಾಕು.

ಸಂಜೆ ಬರುವ ಮಕ್ಕಳಿಗೆ ಹಸಿವಾಗಿರುತ್ತದೆ. ಮಧ್ಯಾಹ್ನದ ಬಿಸಿಯೂಟ ಆಗಿ ಐದು ಗಂಟೆ ಕಳೆದಿರುತ್ತದೆ. ಒಂದೊಂದು ಬಾಳೆಹಣ್ಣು, ಸ್ವಲ್ಪ ಅವಲಕ್ಕಿ. ಪುಸ್ತಕಕ್ಕಿಂತ ಮೊದಲು ಅದಕ್ಕೆ ದುಡ್ಡು ತೆಗೆದಿಡಿ.

ನಾವು ಕೆಡಿಸುವುದು ಹೇಗೆ

ಕೆಡಿಸುವ ದಾರಿಗಳು ಬೇಕಾದಷ್ಟು. ಹೋಂವರ್ಕ್ ಮಾಡಿಸಿಕೊಟ್ಟು ಕಳಿಸುವುದು ಅದರಲ್ಲಿ ಮೊದಲನೆಯದು. ಮಗುವಿಗೂ ಖುಷಿ, ಟೀಚರಿಗೂ ಖುಷಿ, ಕಲಿತದ್ದು ಸೊನ್ನೆ. ಕಾಲೇಜು ಹುಡುಗರು ಬಂದರೆ ನೇರ ಇಂಗ್ಲಿಷಿಗೆ ಹಾರುತ್ತಾರೆ. ಕನ್ನಡದಲ್ಲೇ ಓದು ಬಾರದ ಮಗುವಿಗೆ ಇಂಗ್ಲಿಷ್ ಸ್ಪೆಲ್ಲಿಂಗು!

ಆದರೆ ಎಲ್ಲಕ್ಕಿಂತ ಕೆಟ್ಟದ್ದು ಹೇಳದೆ ಮಾಯವಾಗುವುದು. ಒಂದು ತಂಡ ಆಗಸ್ಟ್ 15ಕ್ಕೆ ಬ್ಯಾನರ್ ಸಮೇತ ಬಂತು. ಬ್ಯಾಗು ಹಂಚಿತು, ಫೋಟೋ ತೆಗೆಯಿತು, ಪ್ರತಿ ಶನಿವಾರ ಬರುತ್ತೇವೆ ಎಂದಿತು. ಮೂರು ಶನಿವಾರ ಬಂತು. ನಾಲ್ಕನೆಯ ಶನಿವಾರ ಮಕ್ಕಳು ಗೇಟಿನ ಹತ್ತಿರ ಕತ್ತಲಾಗುವವರೆಗೆ ನಿಂತಿದ್ದರು. ಒಬ್ಬಳು ಕೇಳಿದಳು, "ನಾವು ಎಂತ ತಪ್ಪು ಮಾಡಿದ್ದು ಸರ್?" ಆ ತಂಡ ಬಾರದೇ ಇದ್ದಿದ್ದರೆ ಅವಳು ಈ ಪ್ರಶ್ನೆ ಕೇಳುತ್ತಿರಲಿಲ್ಲ. ಬರಲು ಆಗದಿದ್ದರೆ ಮೊದಲೇ ಹೇಳಿ. ನಿಲ್ಲಿಸುವುದಾದರೆ ಒಂದು ತಿಂಗಳು ಮೊದಲು ಮಕ್ಕಳಿಗೆ ಹೇಳಿ, ನಿಮ್ಮ ಜಾಗಕ್ಕೆ ಬರುವವರನ್ನು ಕರೆತಂದು ಪರಿಚಯ ಮಾಡಿಸಿ.

ಕಾಲೇಜಿನವರಿಗೆ ಇದು ಆಗದ ಕೆಲಸ ಅಲ್ಲ. ಎನ್‌ಎಸ್‌ಎಸ್ ಸ್ವಯಂಸೇವಕರು ಎರಡು ವರ್ಷದಲ್ಲಿ 240 ಗಂಟೆ ಸೇವೆ ಮಾಡಬೇಕು, ವರ್ಷಕ್ಕೆ 120. ವಾರಕ್ಕೆ ಮೂರು ಗಂಟೆಯಂತೆ 30 ವಾರ ಪಾಠ ಮಾಡಿದರೂ 90 ಗಂಟೆ ಆಗುವುದು. ಪರೀಕ್ಷೆಗೂ ಸಮಯ ಉಳಿಯುತ್ತದೆ. ರಸ್ತೆ ಗುಡಿಸಿ ಫೋಟೋ ತೆಗೆಯುವುದಕ್ಕಿಂತ ಇದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಗುಡಿಸಿದ ರಸ್ತೆ ಮರುದಿನಕ್ಕೆ ಮತ್ತೆ ಹಾಗೇ ಆಗುತ್ತದೆ. ಒಬ್ಬರೇ ವಾರವಿಡೀ ಬರಲಾಗದಿದ್ದರೆ ಇಬ್ಬರು ಸೇರಿ ಒಂದೇ ಗುಂಪು ತೆಗೆದುಕೊಳ್ಳಲಿ. ನಡುವೆ ಒಂದು ನೋಟ್‌ಪುಸ್ತಕ: ನಿನ್ನೆ ಎಲ್ಲಿಗೆ ನಿಂತಿತು, ಯಾರಿಗೆ ಯಾವ ಒತ್ತು ಬರಲಿಲ್ಲ.

ಮಕ್ಕಳ ರಕ್ಷಣೆಯ ವಿಷಯದಲ್ಲಿ ಸಂಕೋಚ ಬೇಡ. ಯಾವಾಗಲೂ ಇಬ್ಬರು ದೊಡ್ಡವರಿರಬೇಕು. ಬಾಗಿಲು ತೆರೆದಿರಬೇಕು, ಪಾಠ ಎಲ್ಲರಿಗೆ ಕಾಣುವ ಜಾಗದಲ್ಲಿ ನಡೆಯಬೇಕು. ಒಂದು ಮಗುವನ್ನು ಒಂಟಿಯಾಗಿ ಬೈಕಿನಲ್ಲಿ ಕರೆದುಕೊಂಡು ಹೋಗುವುದು, ಮನೆಗೆ ಕರೆಯುವುದು ಬೇಡ. ತಂದೆ ತಾಯಿಯ ಒಪ್ಪಿಗೆ ಇಲ್ಲದೆ ಫೋಟೋ ಹಾಕಬೇಡಿ. ಮಗು ಏನಾದರೂ ಕಷ್ಟ ಹೇಳಿಕೊಂಡರೆ ನೀವೇ ಪಂಚಾಯಿತಿಕೆ ಮಾಡಲು ಹೋಗಬೇಡಿ. ಮಕ್ಕಳ ಸಹಾಯವಾಣಿ 1098 ಇದೆ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಲೈಂಗಿಕ ಕಿರುಕುಳ ಗೊತ್ತಾದರೆ ತಿಳಿಸಲೇಬೇಕು. ತಿಳಿಸದಿರುವುದೇ ಅಪರಾಧ.

ಶಾಲೆಯ ಟೀಚರನ್ನು ಮಾತಾಡಿಸದೆ ಶುರು ಮಾಡಬೇಡಿ. ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡುವಂತಿಲ್ಲ. ದುಡ್ಡಿದ್ದವರ ಮಕ್ಕಳು ಹೊರಗೆ ಫೀಸು ಕೊಟ್ಟು ಹೋಗುತ್ತಾರೆ. ನಮ್ಮ ಮಕ್ಕಳಿಗೆ ಅದಿಲ್ಲ. ಆ ಅಂತರವನ್ನು ತುಸು ಕಡಿಮೆ ಮಾಡುವುದಷ್ಟೇ ನಮ್ಮ ಕೆಲಸ. ಟೀಚರಿನ ಜಾಗ ತುಂಬುವುದಲ್ಲ. ಶಿಕ್ಷಕರ ಕೊರತೆ ಇರುವ ಕಡೆ ಸ್ವಯಂಸೇವಕರನ್ನು ನಿಲ್ಲಿಸಿ ಸರಕಾರ ಕೈ ತೊಳೆದುಕೊಂಡರೆ ನಾನು ಮೊದಲು ಜಗಳಕ್ಕೆ ನಿಲ್ಲುತ್ತೇನೆ. ನಾನು ಮಾತಾಡಿಸಿದ ಟೀಚರ್ ಒಬ್ಬರು ಮೊದಲು ಮುಖ ಗಂಟು ಹಾಕಿದರು. ಒಂದು ತಿಂಗಳಾದ ಮೇಲೆ ಅವರೇ ಚೀಟಿ ಕಳಿಸತೊಡಗಿದರು: "ಇವಳಿಗೆ ಭಾಗಾಕಾರ ನೋಡಿ."

ಫಲ ಎಷ್ಟು ದಿನಕ್ಕೆ ಬರುತ್ತದೆ? ನಮ್ಮ ನಾಲ್ವರಲ್ಲಿ ಇಬ್ಬರು ಮೂರು ತಿಂಗಳಲ್ಲಿ ಕಥೆ ಓದುವ ಮಟ್ಟಕ್ಕೆ ಬಂದರು. ಒಬ್ಬಳು ನಡುವೆ ಊರಿಗೆ ಹೋದವಳು ಮತ್ತೆ ಬರಲಿಲ್ಲ. ಅವಳ ನೋಟ್‌ಪುಸ್ತಕ ನನ್ನ ಹತ್ತಿರವೇ ಇದೆ. ಬಸ್ಸಿನ ಹುಡುಗ ಎಲ್ಲರಿಗಿಂತ ನಿಧಾನ. ದೀಪಾವಳಿ ಹೊತ್ತಿಗೂ 'ತ್ತ' ವಾರವೇ ದಾಟಿರಲಿಲ್ಲ.

ಜನವರಿಯಲ್ಲಿ ಒಂದು ದಿನ ಪಾಠ ಮುಗಿಸಿ ಬರುವಾಗ ಬೊಂಡದ, ಅಂದರೆ ಎಳನೀರಿನ, ಅಂಗಡಿಯ ಎದುರು ಅವನು ಗಕ್ಕನೆ ನಿಂತ. ಗೋಣಿಯ ಪಕ್ಕ ಒಂದು ತಗಡಿನ ಬೋರ್ಡು, ನೀಲಿ ಪೇಂಟಿನಲ್ಲಿ ಬರೆದದ್ದು: 'ಇಲ್ಲಿ ಬೊಂಡ ಸಿಗುತದೆ'. ತುಂಬಾ ಹೊತ್ತು ಅದನ್ನೇ ನೋಡಿದ. ತುಟಿ ಅಲ್ಲಾಡುತ್ತಿತ್ತು.

"ಸರ್, ಇಲ್ಲಿ ತ ಒತ್ತು ಕೊಟ್ಟಿಲ್ರಿ."

ಅಂಗಡಿಯವರು ಕತ್ತಿ ಕೆಳಗಿಟ್ಟು ಹೊರಗೆ ಬಂದು ಬೋರ್ಡು ನೋಡಿದರು. "ಮೂರು ವರ್ಷ ಆಯ್ತು ಮಾರಾಯ, ಒಬ್ಬರಿಗೂ ಕಾಣಲಿಲ್ಲ" ಎಂದು ಅವನಿಗೆ ಒಂದು ಬೊಂಡ ಕೆತ್ತಿಕೊಟ್ಟರು.